ಶ್ರೀಯುತ ನೀಲಿ ಚುಕ್ಕೆಯವರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀಯುತ ನೀಲಿ ಚುಕ್ಕೆಯವರು,
ನನ್ನ ಮೊಬೈಲಿನ ನಕ್ಷೆ.

ವಿಷಯ: ಅಮಾನಿಕೆರೆ ಏರಿಯ ಮೇಲೆ ನಡೆದವನನ್ನು ನೀರಿಗೆ ನೂಕಿರುವ ಬಗ್ಗೆ.

ಮಾನ್ಯರೇ,

ಕಳೆದ ಭಾನುವಾರ ಮಧ್ಯಾಹ್ನ ತಮ್ಮನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಚನ್ನರಾಯಪಟ್ಟಣದ ಅಮಾನಿಕೆರೆ ಏರಿಯ ಮೇಲೆ ನಡೆದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನಮ್ಮೂರ ದಾರಿಗಳನ್ನು ಸೇರಿಸುವುದು ನನ್ನ ಹುಚ್ಚು. ಸಂಬಳವಿಲ್ಲ, ನಗುವವರಿಗೆ ಬರವಿಲ್ಲ. ಮನೆಗೆ ಬಂದು ನೋಡಿದರೆ ನಾನು ನಡೆದ ಗೆರೆ ಅರ್ಧದಲ್ಲೇ ಏರಿ ಇಳಿದು ಕೆರೆಯೊಳಗೆ ಸಾಗಿತ್ತು. ನನ್ನಾಕೆ ಬಗ್ಗಿ ನೋಡಿ, "ಪಂಚೆ ಒದ್ದೆಯಾಗ್ಲಿಲ್ವಾ?" ಅಂದಳು.

ತಮ್ಮ ಠೀವಿಗೆ ಮಾತ್ರ ಶರಣು. ಅಕ್ಷಾಂಶವನ್ನು ದಶಮಾಂಶದ ಏಳನೇ ಅಂಕಿಯವರೆಗೆ ಹೇಳುತ್ತೀರಿ. ಏಳನೆಯದೆಂದರೆ ನೆಲದ ಮೇಲೆ ಒಂದು ಸೆಂಟಿಮೀಟರ್ ಆಸುಪಾಸು! ಆದರೆ ತಮ್ಮ ಸುತ್ತಲಿನ ತೆಳುನೀಲಿ ವೃತ್ತ, "ಸಾಹೇಬರು ಈ ಐದು ಮೀಟರಿನೊಳಗೆ ಎಲ್ಲೋ ಇದ್ದಾರೆ" ಎನ್ನುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಆ ಮಾತಿಗೂ ಶೇ. 68ರಷ್ಟೇ ಭರವಸೆ. ಆ ವೃತ್ತದ ಅಡ್ಡಳತೆ ಹತ್ತು ಮೀಟರ್, ಅಂದರೆ 33 ಅಡಿ. 33 ಅಡಿ ಚೌಕಕ್ಕೆ ನಮ್ಮಲ್ಲಿ ಒಂದು ಗುಂಟೆ ಅನ್ನುತ್ತಾರೆ. ಒಂದು ಗುಂಟೆಗಾಗಿ ಅಣ್ಣತಮ್ಮಂದಿರು ತಲೆಮಾರುಗಟ್ಟಲೆ ಕೋರ್ಟು ಅಲೆಯುವ ಸೀಮೆಯಲ್ಲಿ ತಾವದನ್ನು ಅನುಮಾನದ ಬಾಬ್ತಿಗೆ ಬಿಟ್ಟುಬಿಡುತ್ತೀರಿ. ಪಕ್ಕದ ತೋಟದ ಗೌಡರು ಮೊನ್ನೆ, "ಹೆಂಗೂ ಮೊಬೈಲ್ ಹಿಡ್ಕಂಡಿದ್ದೀರಿ, ನಮ್ಮ ಹದ್ದೊಂದು ತೋರಿಸ್ಬಿಡಿ ಸ್ವಾಮಿ" ಅಂದಾಗ ತಮ್ಮನ್ನು ಮೆಲ್ಲಗೆ ಜೇಬಿಗಿಳಿಸಿದೆ.

ತಪ್ಪೆಲ್ಲ ತಮ್ಮದೇ ಅಲ್ಲ. ಜಿಪಿಎಸ್ ಉಪಗ್ರಹಗಳು ಇಪ್ಪತ್ತು ಸಾವಿರ ಕಿ.ಮೀ. ಮೇಲಿವೆ, ನಮ್ಮ ನಾವಿಕ್‌ನವು ಮೂವತ್ತಾರು ಸಾವಿರ. ನಾವಿಕ್‌ಗೆ ಆಜ್ಞೆ ಹೋಗುವುದು ಹಾಸನದ ಎಂಸಿಎಫ್‌ನಿಂದ. 1982ರಲ್ಲಿ ಶುರುವಾದ ಈ ಇಸ್ರೊ ಕೇಂದ್ರ ನನ್ನ ಮನೆಯಿಂದ ಬಸ್ಸಿಗೆ ಒಂದು ಗಂಟೆ ದಾರಿ. ಅಷ್ಟೆತ್ತರದಲ್ಲಿ ದಾರಿ ತಪ್ಪದ ಲೆಕ್ಕ ಇಲ್ಲಿಗೆ ಇಳಿಯುವಾಗ ಎಡವುತ್ತದೆ. ಸಂಕೇತ ಒಂದು ನ್ಯಾನೋಸೆಕೆಂಡ್ ತಡವಾದರೆ ದೂರದ ಲೆಕ್ಕದಲ್ಲಿ 30 ಸೆಂ.ಮೀ. ತಪ್ಪು. ವಾತಾವರಣದ ಮೇಲಿನ ಅಯಾನುಗೋಳ ಎಂಬ ಪದರ ದಾಟುವಾಗ ಅದು ತಡವಾಗಿಯೇ ಆಗುತ್ತದೆ. ಭೂಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾಯುವುದರಿಂದ ನಮ್ಮ ಕಡೆ ಮಧ್ಯಾಹ್ನ ಈ ತಡ ಹೆಚ್ಚು, ಹೊತ್ತು ಮುಳುಗಿದ ಮೇಲೆ ಗೊಂದಲ ಹೆಚ್ಚು. ಕೆಳಗೆ ಬಂದರೆ ತೆಂಗಿನ ಗರಿ, ತಾರಸಿ ಮನೆಯ ಗೋಡೆ. ಗೋಡೆಗೆ ಬಡಿದು ಬಳಸಿ ಬಂದ ಸಂಕೇತವನ್ನೂ ತಾವು ನೇರ ಬಂದದ್ದೆಂದು ನಂಬುತ್ತೀರಿ. ಚಾಡಿಮಾತು ನಂಬುವ ದೊಡ್ಡವರನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ.

ಈಗ ನನ್ನ ರೀತಿ ಬದಲಾಗಿದೆ. ಬೆಳಿಗ್ಗೆ ಏಳಕ್ಕೆ ಕೆರೆ ತೂಬಿನ ಹತ್ತಿರ, ಬಯಲು ಆಕಾಶದ ಕೆಳಗೆ, ತಮ್ಮನ್ನು ಅಂಗೈಯಲ್ಲಿ ಹಿಡಿದು ಹತ್ತು ನಿಮಿಷ ನಿಲ್ಲುತ್ತೇನೆ. ಸೆಕೆಂಡಿಗೊಂದರಂತೆ ಆರುನೂರು ಓದು, ಅದರ ಸರಾಸರಿ. ಅದೊಂದೇ ಸಾಲದು: ಅಯಾನುಗೋಳದ ತಪ್ಪು ಹತ್ತು ನಿಮಿಷಕ್ಕೆ ಕರಗುವುದಿಲ್ಲ, ಆರುನೂರು ಸಲವೂ ತಾವು ಅದೇ ಸುಳ್ಳು ಹೇಳಬಲ್ಲಿರಿ. ಹಾಗಾಗಿ ಬೇರೆ ಬೇರೆ ದಿನ ಮತ್ತೆ ಹಾಜರಿ. ಎಲ್1, ಎಲ್5 ಎರಡೂ ತರಂಗ ಹಿಡಿಯುವ ಫೋನಾದರೆ ಎರಡರ ತಡದ ವ್ಯತ್ಯಾಸ ನೋಡಿ ಆ ತಪ್ಪನ್ನು ಬಹುಪಾಲು ಕಳೆದುಬಿಡಬಹುದು. ತೂಬಿನ ಜಾಗ ಒಮ್ಮೆ ಗಟ್ಟಿಯಾದರೆ ಸಾಕು, ನಕ್ಷೆಯ ಹಿನ್ನೆಲೆಯಲ್ಲಿ ಮೀಟರುಗಟ್ಟಲೆ ಸರಿದಿರುವ ಉಪಗ್ರಹ ಚಿತ್ರವನ್ನೇ ಎಳೆದು ಅಲ್ಲಿಗೆ ಕೂರಿಸಿ ಏರಿಯನ್ನು ಬರೆಯುತ್ತೇನೆ.

ಇನ್ನೂ ನಿಖರವಾದ ದಾರಿಯೂ ಇದೆ: ಸರ್ವೇ ಆಫ್ ಇಂಡಿಯಾ ಕರ್ನಾಟಕದಲ್ಲಿ ಕಾರ್ಸ್ ಎಂಬ ನೆಲೆಗಳನ್ನು ಸ್ಥಾಪಿಸಿದೆ. ತನ್ನ ಜಾಗ ಖಚಿತವಾಗಿ ಗೊತ್ತಿರುವ ಅಲ್ಲಿನ ಆಂಟೆನಾ, ಈ ಹೊತ್ತಿನ ತಪ್ಪು ಇಷ್ಟು ಎಂದು ಇಂಟರ್ನೆಟ್ಟಿನಲ್ಲಿ ತಿಳಿಸುತ್ತದೆ. ಕೇಳಿಸಿಕೊಳ್ಳಬಲ್ಲ ರಿಸೀವರ್ ಸೆಂಟಿಮೀಟರ್ ಲೆಕ್ಕಕ್ಕಿಳಿಯುತ್ತದೆ. ಅಂಥ ರಿಸೀವರಿನ ಬೆಲೆ ವಿಚಾರಿಸಿ ಬಂದೆ. ತಮ್ಮ ಜೊತೆಯಲ್ಲೇ ಬಾಳುವುದೆಂದು ತೀರ್ಮಾನಿಸಿದ್ದೇನೆ.

ನಾಳೆ ಏಳಕ್ಕೆ ತೂಬಿನ ಹತ್ತಿರ ಇರುತ್ತೇನೆ. ದಯಮಾಡಿ ವೃತ್ತ ಸ್ವಲ್ಪ ಕಿರಿದು ಮಾಡಿಕೊಂಡು ಬನ್ನಿ.

ಇಂತಿ,
ಕೆರೆಗೆ ಬೀಳದೆ ಬಿದ್ದವನು

ಲಗತ್ತು: ಒಣ ಪಂಚೆ, ಒಂದು.