ಅಡ್ಡಗಾಲು

ನಾನು ನಡೆಯುವ ಪ್ರತಿ ಕಿಲೋಮೀಟರಿಗೆ ಐನೂರು ರೂಪಾಯಿ ಕೊಡುತ್ತೇನೆಂದು ಭಾವಮೈದುನ ಒಪ್ಪಿಕೊಂಡದ್ದು ಪಾರ್ಕಿನ್ಸನ್ಸ್ ಕಾಯಿಲೆಯವರ ಮೇಲಿನ ಮರುಕದಿಂದಲ್ಲ, ನನ್ನ ಮಂಡಿಗಳ ಮೇಲಿನ ಭರವಸೆಯಿಂದ. ಮೊದಲನೇ ಕಲ್ಲುಬೆಂಚು ಸಿಗುವವರೆಗೆ ಮಾತ್ರ ನನ್ನ ಸಮಾಜಸೇವೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಏಪ್ರಿಲ್ 11 ವಿಶ್ವ ಪಾರ್ಕಿನ್ಸನ್ಸ್ ದಿನ. ಅದರ ಹಿಂದುಮುಂದಿನ ಒಂದು ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಜಾಗೃತಿಗೂ ಚಂದಾ ಎತ್ತುವುದಕ್ಕೂ ನಡಿಗೆ. ಎದುರುಮನೆಯ ಲೆಕ್ಕದ ಮೇಷ್ಟ್ರಿಗೆ ಆ ಕಾಯಿಲೆ. ನಾನು ಅವರ ಜೊತೆಗಾರ. ಟೀ ಶರ್ಟ್ ಕೊಟ್ಟರು. ಅದರ ಮೇಲೊಂದು ಕೆಂಪು ಟ್ಯುಲಿಪ್ ಹೂವು, ಕಾಯಿಲೆಯ ಲಾಂಛನ. ಮಿಕ್ಕವರ ಎದೆಯ ಮೇಲೆ ಮೊಗ್ಗಾಗಿದ್ದುದು ನನ್ನ ಹೊಟ್ಟೆಯ ಮೇಲೆ ಪೂರ್ತಿ ಅರಳಿಬಿಟ್ಟಿತ್ತು. ಮುಖ್ಯ ಅತಿಥಿಗಳು ಬಂದದ್ದು ತಡ, ಬಿಟ್ಟದ್ದು ಇನ್ನೂ ತಡ. ದಿನಾ ನಡೆದರೆ ಯಾವ ಕಾಯಿಲೆಯೂ ಹತ್ತಿರ ಸುಳಿಯುವುದಿಲ್ಲ ಎಂದು, ಒಂದು ಹೆಜ್ಜೆ ಎತ್ತಿಡಲು ಒದ್ದಾಡುವವರ ಎದುರಿಗೇ ಮೈಕು ಹಿಡಿದು ಸಾರಿದರು. ಈ ಕಾಯಿಲೆಯವರ ದಿನ ಮಾತ್ರೆಯ ಗಡಿಯಾರದ ಮೇಲೆ ನಿಂತಿದೆ. ಲೀವೋಡೋಪಾ ಕೆಲಸ ಮಾಡುವಷ್ಟು ಹೊತ್ತು ಸಲೀಸು, ಆಮೇಲೆ ಕಾಲಿನ ಇಷ್ಟ. ಮೇಷ್ಟ್ರ ಮನೆಯವರು ವಾಚು ನೋಡಿಕೊಳ್ಳುತ್ತಲೇ ಇದ್ದರು. ಭಾಷಣ ಮುಗಿಸಿದ ಅತಿಥಿಗಳು ನಡಿಗೆಗೆ ಹಸಿರು ಬಾವುಟ ಬೀಸಿ, ತಾವು ಕಾರು ಹತ್ತಿದರು.

ಬೈಕುಗಳು ನುಗ್ಗದಿರಲಿ ಎಂದು ನೆಟ್ಟ ಕಂಬಗಳ ನಡುವೆ ಮೇಷ್ಟ್ರ ಕಾಲು ನಿಂತುಬಿಟ್ಟಿತು. ಇಕ್ಕಟ್ಟಾದ ಜಾಗ, ತಿರುವು, ಬಾಗಿಲು, ಹಿಂದಿನಿಂದ ಯಾರಾದರೂ ಅವಸರ ಮಾಡುವುದು, ಇಷ್ಟರಲ್ಲಿ ಒಂದಿದ್ದರೆ ಸಾಕು. ಮೈ ಮುಂದಕ್ಕೆ ಬಾಗುತ್ತದೆ, ಅಂಗಾಲು ಮಾತ್ರ ನೆಲ ಬಿಡುವುದಿಲ್ಲ. ಫಿಸಿಯೋಥೆರಪಿಯ ಹುಡುಗಿ ಮೊದಲೇ ಹೇಳಿಕೊಟ್ಟಿದ್ದಳು: "ಎಳೀಬೇಡಿ ಅಂಕಲ್, ತಳ್ಳಲೂಬೇಡಿ. ನಿಮ್ಮ ಪಾದ ಅವರ ಪಾದದ ಮುಂದೆ ಅಡ್ಡ ಇಡಿ. ದಾಟಿಬಿಡ್ತಾರೆ."

ಇಟ್ಟೆ. ದಾಟಿದರು! ನಾಲ್ಕು ಹೆಜ್ಜೆ ಹೋಗಿ ಮತ್ತೆ ನಿಂತರು. ಓಡಿಹೋಗಿ ಮತ್ತೆ ಕಾಲು ಕೊಟ್ಟೆ. ಮತ್ತೆ ದಾಟಿದರು. ನನಗೆ ಹುಮ್ಮಸ್ಸು ಬಂತು. ಹುಟ್ಟಿದಾಗಿನಿಂದ ನನ್ನ ಕಾಲು ಯಾರಿಗೂ ಇಷ್ಟು ಉಪಯೋಗಕ್ಕೆ ಬಂದಿರಲಿಲ್ಲ. ಎಡಗಾಲು ಒಮ್ಮೆ, ಬಲಗಾಲು ಒಮ್ಮೆ, ಒಂದು ಬಗೆಯ ಶೈಲಿಯೂ ಕೂಡಿಕೊಳ್ಳುತ್ತಿತ್ತು.

"ಏನ್ರೀ, ಮನುಷ್ಯರೇನ್ರೀ ನೀವು?"

ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ತೊಟ್ಟ ಒಬ್ಬ ಹೆಂಗಸು. "ಆಗಿನಿಂದ ನೋಡ್ತಾ ಇದೀನಿ. ವಯಸ್ಸಾದವರಿಗೆ ಕಾಲು ಅಡ್ಡ ಕೊಟ್ಟು ಬೀಳಿಸೋಕೆ ನೋಡ್ತಿದೀರಲ್ಲ, ನಾಚಿಕೆ ಆಗಲ್ವಾ?"

ನನ್ನ ಬಲಗಾಲು ಆಗ ಚಾಚಿಕೊಂಡೇ ಇತ್ತು. ತೆಗೆದರೆ ಮೇಷ್ಟ್ರ ಹೆಜ್ಜೆ ತಪ್ಪುತ್ತದೆ, ಇಟ್ಟರೆ ನನ್ನ ಮರ್ಯಾದೆ ಹೋಗುತ್ತದೆ. ಹಾಗೇ ಒಂಟಿಕಾಲ ಮೇಲೆ ಭಾರ ಬಿಟ್ಟು ವಿವರಣೆಗೆ ತೊಡಗಿದೆ. ಮೆದುಳಿನ ಬುಡದಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳಿರುತ್ತವೆ ಮೇಡಂ, ಅವು ಸಾಯುತ್ತಾ ಬಂದರೆ ಕಾಲಿಗೆ ತಾನಾಗಿ ಬರಬೇಕಾದ ಅಪ್ಪಣೆ ಬರುವುದಿಲ್ಲ, ಆದರೆ ದಾಟಲಿಕ್ಕೆ ಏನಾದರೂ ಕಣ್ಣಿಗೆ ಕಂಡರೆ... ಭಗೀರಥನೂ ಒಂಟಿಕಾಲಲ್ಲಿ ನಿಂತವನೇ, ಆದರೆ ಅವನನ್ನು ಯಾರೂ ನಡುನಡುವೆ ಪ್ರಶ್ನೆ ಕೇಳಲಿಲ್ಲ. ನಾಯಿ ಹಿಡಿದಿದ್ದವರು ನಿಂತರು. ನಾಯಿಯೂ ನಿಂತಿತು. ಒಬ್ಬರು ನಸುಗುನ್ನಿ ಬೀಜದ ಪುಡಿ ಕೊಡಿ ಎಂದರು. (ಅದರಲ್ಲಿ ಲೀವೋಡೋಪಾ ಇರುವುದು ನಿಜ, ಎಷ್ಟು ಕೊಡಬೇಕೆಂದು ಡಾಕ್ಟರು ಹೇಳಬೇಕು, ಟ್ರ್ಯಾಕ್ ಪ್ಯಾಂಟಿನವರಲ್ಲ.) ಒಬ್ಬ ಪುಟ್ಟ ಹುಡುಗ ತಾನೂ ಕಾಲು ಕೊಡುತ್ತೇನೆಂದು ಅಪ್ಪನ ಕೈ ಜಗ್ಗುತ್ತಿದ್ದ.

"ಅವರ ಮುಖ ನೋಡ್ರೀ, ಎಷ್ಟು ನೊಂದಿದಾರೆ!" ಎಂದರು ಹೆಂಗಸು. ಮೇಷ್ಟ್ರ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

"ಇಲ್ಲಮ್ಮ, ಅವರು ನಗ್ತಾ ಇದಾರೆ" ಎಂದರು ಮನೆಯವರು. ಮುಖದ ಸ್ನಾಯು ಬಿಗಿದುಕೊಂಡ ಮೇಲೆ ನಗುವುದು ಯಾವಾಗ, ಮುನಿಯುವುದು ಯಾವಾಗ ಎಂಬುದು ಅವರೊಬ್ಬರಿಗೇ ತಿಳಿಯುತ್ತದೆ.

ಮೇಷ್ಟ್ರು ಏನೋ ಹೇಳಿದರು. ದನಿಯೂ ಕುಗ್ಗಿದೆ. ಎಲ್ಲರೂ ಬಗ್ಗಿ ಕಿವಿಗೊಟ್ಟರು. ನನ್ನ ಪರ ಸಾಕ್ಷಿ ನುಡಿಯುತ್ತಾರೆಂದು ನಾನೂ ಕಾದೆ.

"ಇವನು ನನ್ನ ಸ್ಟೂಡೆಂಟು. ಎಸ್ಸೆಸ್ಸೆಲ್ಸೀಲಿ ಲೆಕ್ಕದಲ್ಲಿ ಫೇಲ್ ಮಾಡಿದ್ದೆ. ಆ ಸಿಟ್ಟು."

ನಾನು ಓದಿದ್ದು ತೀರ್ಥಹಳ್ಳಿಯಲ್ಲಿ. ಮೇಷ್ಟ್ರು ಆ ಊರಿನ ಕಡೆ ತಲೆಹಾಕಿ ಮಲಗಿದವರೂ ಅಲ್ಲ. ಆದರೆ ಆ ಮುಖದಿಂದ ಬಂದ ಮಾತನ್ನು ಯಾರು ತಾನೇ ತಮಾಷೆ ಎಂದಾರು?

ಮುಂದಿನ ದಾರಿ ಬೇಗ ಸಾಗಿತು, ನಡುವೆ ಮನೆಯವರು ಒಂದು ಮಾತು ಹೇಳಿದರು. ಅಕ್ಷರ ಕಿರಿದಾಗುತ್ತಾ ಹೋಗುವುದೂ ಈ ಕಾಯಿಲೆಯ ಗುಣವೇ. ಸಹಿ ತಾಳೆಯಾಗುವುದಿಲ್ಲವೆಂದು ಒಂದು ಬ್ಯಾಂಕಿನವರು ಅವರದೇ ಪಿಂಚಣಿ ದುಡ್ಡಿನ ಚೆಕ್ಕನ್ನು ವಾಪಸು ತಳ್ಳಿದರಂತೆ. ಕೈ ನಡುಗುವುದನ್ನು ನೋಡಿ ಕೌಂಟರಿನ ಹುಡುಗ, "ಬೆಳಬೆಳಿಗ್ಗೇನೇ ಶುರು ಮಾಡ್ಕೊಂಡ್ರಾ ಸಾರ್?" ಎಂದನಂತೆ. ಕಂಪಾಸು ಮುಟ್ಟದೆ ಬೋರ್ಡಿನ ಮೇಲೆ ವೃತ್ತ ಎಳೆಯುತ್ತಿದ್ದ ಕೈ ಅದು. 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಲೆಕ್ಕಕ್ಕೆ ಹಿಡಿದದ್ದು ಆರು ಜನರನ್ನು. ಅವರಲ್ಲಿ ಕೆಲವರು ಬೀದಿಯಲ್ಲಿ ಕಣ್ಣಿಗೆ ಬಿದ್ದವರು. ಇನ್ನೂರು ವರ್ಷದ ಹಿಂದೆ ಒಬ್ಬ ಡಾಕ್ಟರಿಗೆ ಬೀದಿಯಲ್ಲಿ ನಿಂತು ಕಂಡದ್ದು, ಏಸಿ ಕೋಣೆಯಲ್ಲಿ ಕೂತ ಈ ಮಹಾನುಭಾವನಿಗೆ ಗಾಜಿನ ಆಚೆ ಒಂದಡಿ ದೂರದಲ್ಲಿ ಕಾಣಲಿಲ್ಲ. ನನಗೆ ಬಂದ ಸಿಟ್ಟಿಗೆ ಎರಡು ಬೆಂಚು ದಾಟಿದ್ದೇ ತಿಳಿಯಲಿಲ್ಲ. ಭಾವಮೈದುನನಿಗೆ ಸಾವಿರದೈನೂರು ರೂಪಾಯಿ ಹೋಯಿತು.

ಕೊನೆಯಲ್ಲಿ ಪದಕಕ್ಕೆ ವೇದಿಕೆ ಹತ್ತಬೇಕಿತ್ತು. ಹಿಡಿಯಲು ನಾಲ್ಕು ಜನ ಧಾವಿಸಿದರು. ಮೆಟ್ಟಿಲು ಕಂಡದ್ದೇ ತಡ, ಮೇಷ್ಟ್ರು ಸರಸರ ಹತ್ತಿಹೋದರು. ದಾಟಲು ಗೆರೆ ಇದ್ದರೆ ಅವರಿಗೆ ತೊಂದರೆಯಿಲ್ಲ. ಮಂಡಿ ಹಿಡಿದುಕೊಂಡು ಕೆಳಗೆ ಉಳಿದವನು ನಾನು.

ಆಮೇಲೆ ಇಡ್ಲಿ ವಡೆ. ಮೇಷ್ಟ್ರು ಆಗಷ್ಟೇ ಮಾತ್ರೆ ನುಂಗಿದ್ದರು. ಪ್ರೋಟೀನ್ ಹೊಟ್ಟೆಯಲ್ಲಿದ್ದರೆ ಔಷಧಿ ಮೈಗೆ ಹತ್ತುವುದು ತಡ, ಉದ್ದಿನ ವಡೆಯಂತೂ ಸದ್ಯಕ್ಕೆ ಬೇಡವೇ ಬೇಡ, ನೀವೇ ತಗೊಳ್ಳಿ ಎಂದರು ಮನೆಯವರು. ಮೇಷ್ಟ್ರ ತಟ್ಟೆಯಿಂದ ವಡೆ ಎತ್ತಿ ಬಾಯಿಗೆ ಇಟ್ಟೆ. ಸಾಂಬಾರಿನ ಸಾಲಿನಲ್ಲಿ ನನ್ನ ಹಿಂದೆಯೇ ಸ್ಪೋರ್ಟ್ಸ್ ಶೂ ನಿಂತಿತ್ತು.