ಟಿಕ್ ಅಂದು ಸುಮ್ಮನಾಗುವ ಕಾಕಾ

ಆಳಂದದ ಓಣಿಯೊಂದರಲ್ಲಿ ಬೇವಿನ ಗಿಡದ ಕೆಳಗೆ ಒಂದು ಬಿಳಿ ಮಾರುತಿ ಓಮ್ನಿ ನಿಂತಿದೆ. 1998ರ ಗಾಡಿ, ಕೆ.ಎ. 32ರ ನಂಬರು. ಮಾಲಕರು ಗುಮಾಸ್ತಿಕೆಯಿಂದ ನಿವೃತ್ತರಾದವರು. ಗಾಡಿಗೆ ಸುರಿದ ಪ್ರತಿ ರೂಪಾಯಿಯೂ ಅವರ ಕೆಂಪು ರಟ್ಟಿನ ವಹಿಯಲ್ಲಿ ರಸೀದಿ ಸಮೇತ ಇದೆ. ಮಳೆಗಾಲದಿಂದ ನಾಲ್ಕು ತಿಂಗಳು ಈ ಗಾಡಿ ಚಾವಿ ತಿರುವಿದರೆ ‘ಟಿಕ್’ ಅನ್ನುತ್ತಿತ್ತು, ಮತ್ತೇನೂ ಅನ್ನುತ್ತಿರಲಿಲ್ಲ. ಈಗ ಮಾತಿಗೆ ಬಂದಿದೆ. ಮಾಲಕರು ಚಹಾಕ್ಕೆ ಹೋದ ಹೊತ್ತು ನೋಡಿ ಜಾರುಬಾಗಿಲು ಎಳೆದೆ. ಬರಲಿಲ್ಲ. ಜರಾ ಮೇಲಕ್ಕೆತ್ತಿ ಎಳೆಯಬೇಕಂತೆ. ಅದು ಬೇರೆ ರೋಗ, ಇವತ್ತಿನ ವಿಷಯವಲ್ಲ.

ನಾನು: ಕಾಕಾ, ಆರಾಮ ಅದೀರಿ?

ವ್ಯಾನ್: ಬಾ ತಮ್ಮಾ, ಹೊಸ್ತಿಲ ಮ್ಯಾಲ ಕೂಡು. ಮುಂದಿನ ಸೀಟಿಗಿ ಹೋಗಬ್ಯಾಡ, ಅದರ ಕೆಳಗ ನನ್ನ ಎಂಜಿನ್ ಅದ, ಈಗರೆ ತಿರುಗಾಡಿ ಬಂದು ಕಾದದ. ಹೊಸಾ ಹುಡುಗರು ಬಾನೆಟ್ ಎಲ್ಲದ ಅಂತ ನನ್ನ ಮಾರಿ ಮುಂದ ನಿಂತು ಹುಡುಕ್ತಾರ. ನಮ್ಮ ಮನೆತನಕ್ಕ ಮೂಗೇ ಇಲ್ಲ. ಸೀಟು ಎತ್ತಿದ್ರ ಸೀದಾ ಹೊಟ್ಟಿ.

ನಾನು: ಮನೆತನದ ಸುದ್ದಿ ಜರಾ ಹೇಳ್ರಲ್ಲ.

ವ್ಯಾನ್: 1984ರಾಗ ಬಂದಾಗ ನಮ್ಮ ಹೆಸರು ಬರೀ ಮಾರುತಿ ವ್ಯಾನ್. 1988ರಾಗ ಓಮ್ನಿ ಅಂತ ಹೆಸರಿಟ್ರು. ಒಳಗ ಅದೇ 796 ಸಿ.ಸಿ., ಅದೇ ಮೂರು ಸಿಲಿಂಡರ್. 2019ರಾಗ ಕಂಪನಿ ನಮ್ಮನ್ನ ಮಾಡೋದೇ ಬಂದ್ ಮಾಡ್ತು. ಹೆಸರು ಬದಲಾಗೋದು ನಮಗೇನು ಹೊಸದಲ್ಲ. ನಾ ಬಂದಾಗ ಜಿಲ್ಲಾ ಗುಲ್ಬರ್ಗಾ ಇತ್ತು. 2014ರಾಗ ಕಲಬುರಗಿ ಆತು. ಸೀಮಿ ಹೈದರಾಬಾದ್ ಕರ್ನಾಟಕ ಇತ್ತು. 2019ರಾಗ ಕಲ್ಯಾಣ ಕರ್ನಾಟಕ ಆತು. ನಂದೂ ಕಲ್ಯಾಣ ಆಗತದ ಅಂತ ಕಾದೆ. ರಸ್ತಾದಾಗಿನ ತಗ್ಗು ಹಳೇ ಹೆಸರಿನಾಗೇ ಉಳದಾವ.

ನಾನು: ಸಿನಿಮಾದಾಗ ನಿಮ್ಮನ್ನ ಭಾಳ ನೋಡೀನಿ. ಯಾರನ್ನರೆ ಎತ್ತಿ ಹಾಕ್ಕೊಂಡು ಹೋಗಬೇಕಂದ್ರ ಓಮ್ನಿನೇ ಬರ್ತದ.

ವ್ಯಾನ್: ಈ ಜಾರುಬಾಗಿಲು ತಂದ ಅಪವಾದ ಅದು. ನಾ ಒಯ್ದದ್ದು ಯಾರಿಗಿ? ಸಾಲಿ ಹುಡುಗರು, ಬೀಗರು, ಹುಣ್ಣಿಮಿಗಿ ಗಾಣಗಾಪುರಕ್ಕ ಹೋಗೋ ಮುದುಕೇರು, ಅಮಾಸಿಗಿ ಘತ್ತರಗಿ ಭಾಗ್ಯವಂತಿಗಿ ಹರಕಿ ಹೊತ್ತವರು, ಲಾಡ್ಲೆ ಮಶಾಕ ದರ್ಗಾಕ್ಕ ಉರುಸಿಗಿ ಬರೋ ನೆಂಟರು, ಸುಗ್ಗ್ಯಾಗ ಎರಡು ಚೀಲ ತೊಗರಿ. ಆ ಸಿನಿಮಾದ ಗಾಡಿ ಒಂದು ಸಲನಾದ್ರೂ ಟಿಕ್ ಅಂದು ನಿಂತದೇನು? ಕಳ್ಳರ ಗಾಡಿ ಒಂದೇ ಸೆಲ್ಫಿಗಿ ಹತ್ತತದ. ದಬ್ಬಿಸಿಕೊಳ್ಳೋ ಹಣೇಬರಹ ಸಂಸಾರಸ್ಥರ ಗಾಡಿಗಿ.

ನಾನು: ಈ ರೋಗ ಶುರುವಾದದ್ದು ಯಾವಾಗ?

ವ್ಯಾನ್: ಶೃಂಗಾರ ಮಾಡಿದ ದಿನ. 15 ವರ್ಷ ತುಂಬಿದ ಗಾಡಿಗಿ ಐದೈದು ವರ್ಷಕ್ಕ ಮತ್ತ ಪಾಸಿಂಗ್ ಆಗಬೇಕಲ್ಲ? 2013ರಾಗ ಆತು, 2018ರಾಗ ಆತು. 2022ರ ಏಪ್ರಿಲ್‌ದಿಂದ ಸರ್ಕಾರ ಆ ಫೀ 600 ರೂಪಾಯಿ ಇದ್ದದ್ದು 5000ಕ್ಕ ಒಯ್ತು. 2023ರಾಗ ನನ್ನ ಪಾಳಿ. ಅಷ್ಟು ಕೊಟ್ಟು ಪಾಸಿಂಗ್ ಮಾಡಸ್ತೀವಂದ್ರ ಗಾಡಿ ಚಂದ ಕಾಣಲಿ ಅಂತ ಮಾಲಕರು ಬಣ್ಣಕ್ಕ ಬಿಟ್ರು. ಬಣ್ಣದಾಂವ ಉದಾರಿ ಮನುಷ್ಯ. ಬಾಡಿಗಿ ಹೊಡ್ದ, ಅಡಿಗಿ ಹೊಡ್ದ. ಎಂಜಿನ್ನಿನಿಂದ ಬಾಡಿಗಿ ಒಂದು ಅರ್ಥಿಂಗ್ ಪಟ್ಟಿ ಬರ್ತದ, ತಾಮ್ರದ ಎಳಿ ಜಡಿ ಹೆಣದಂಗ ಹೆಣದದ್ದು. ಅದರ ಬೋಲ್ಟ್ ಬಿಚ್ಚಿ, ಬುಡಕ್ಕ ಎರಡು ಕೋಟು ಹೊಡ್ದು, ಒಣಗಿದಮ್ಯಾಲ ಮತ್ತ ಬಿಗದ. ನೋಡಲಾಕ ಮದುಮಗ. ಒಳಗ ಪಟ್ಟಿಗೂ ಬಾಡಿಗೂ ನಡುವ ಬಣ್ಣದ ಗ್ವಾಡಿ. ಬಣ್ಣದಾಗ ಕರೆಂಟ್ ಹಾಯಂಗಿಲ್ಲ ತಮ್ಮಾ.

ನಾನು: ಆದ್ರೂ ಒಂದು ವರ್ಷ ನಡದೀರಲ್ಲ?

ವ್ಯಾನ್: ಬೋಲ್ಟಿನ ಹಲ್ಲಿನಾಗ ಜರಾ ಕಬ್ಬಿಣ ತಾಗಿತ್ತು, ಅದರ ಮ್ಯಾಲೇ ದಿನಾ ದೂಡಿದೆ. ಮರುವರ್ಷ ಮಳಿಗಾಲದಾಗ ಜೇವರ್ಗಿ ಕಡೆ ಹೊಲಕ್ಕ ಒಯ್ದ್ರು. ಅಲ್ಲಿ ಯರಿ ಮಣ್ಣು ನಿನಗ ಗೊತ್ತದ. ಹತ್ತಿದ್ರ ಬಿಡಂಗಿಲ್ಲ, ನೀರು ಕುಡದ್ರ ಲಗೂನ ಆರಂಗಿಲ್ಲ. ಗಾಲಿಯಿಂದ ಸಿಡದು ಆ ಪಟ್ಟಿಗಿ ಮೆತ್ತಿಕೊಂಡು ತಿಂಗಳಗಟ್ಟಲೆ ಹಸೀನೇ ಕೂತ್ತು. ತಾಮ್ರದ ಎಳಿ ಒಂದೊಂದೇ ಹಸರಾಗಿ ಉದರಿದವು. ಹಲ್ಲಿಗಿ ಜಂಗು ಹಿಡೀತು. ಮಾಲಕರು ವಾರಕ್ಕೊಮ್ಮೆ ಮ್ಯಾಲಿಂದ ನೀರು ಹಾಕಿ ಅರಿವಿಲೆ ಒರಸತಿದ್ರು.

(ಇದು ನಮ್ಮ ಕಡೆಯ ಪದ್ಧತಿ. ಕನ್ನಡಿ ಒರೆಸುವವರು ಸಾವಿರ ಜನ, ಗಾಡಿಯ ಕೆಳಗೆ ಅಂಗಾತ ಮಲಗುವವರು ಊರಿಗೊಬ್ಬರು.)

ನಾನು: ಮೊದಲ ಸಲ ಎಲ್ಲಿ ನಿಂತ್ರಿ?

ವ್ಯಾನ್: ಗಾಣಗಾಪುರ ಸಂಗಮದಾಗ, ಭೀಮಾ-ಅಮರ್ಜಾ ಕೂಡತಾವಲ್ಲ, ಅಲ್ಲೇ. ಹುಣ್ಣಿಮಿ ದಿನ. ಹಾರ್ನ್ ಹೊಡದ್ರ ಸ್ನಾನಕ್ಕಿಳದ ಮಂದಿ ಹೊಳ್ಳಿ ನೋಡ್ತಾರ, ಹೆಡ್‌ಲೈಟ್ ಝಗಝಗ ಅಂತದ, ಸೆಲ್ಫ್ ಹೊಡದ್ರ ಟಿಕ್. ಇದನ್ನ ಬರಕೋ. ಬ್ಯಾಟ್ರಿ ಇಳದಿದ್ರ ಚಾವಿ ತಿರುವಿದಾಗ ಲೈಟು ಮಂಕಾಗತದ; ಟಕಟಕಟಕ ಅಂತ ಅಕ್ಕಸಾಲಿಗ ಸುತ್ತಿಗಿ ಬಡದಂಗ ಸಪ್ಪಳ ಬರ್ತದ. ನನ್ನ ಲೈಟು ಕಣ್ಣು ಮಿಟಕಸಲಿಲ್ಲ. ಒಂದೇ ಟಿಕ್. ಅಂದ್ರ ಬ್ಯಾಟ್ರ್ಯಾಗ ದಮ್ಮು ಅದ, ಅದು ಸೆಲ್ಫಿಗಿ ಮುಟ್ಟವಲ್ದು.

ನಾನು: ಯಾರೂ ಸಹಾಯಕ್ಕ ಬರಲಿಲ್ಲೇನು?

ವ್ಯಾನ್: ಗಾಣಗಾಪುರದಾಗ ಮಧ್ಯಾಹ್ನ ಭಿಕ್ಷಾ ಬೇಡೋದು ಪದ್ಧತಿ, ಸಾಹುಕಾರನೂ ಜೋಳಿಗಿ ಹಿಡೀತಾನ. ನಮ್ಮ ಮಾಲಕರು ಜಂಪರ್ ಕೇಬಲ್ ಬೇಡಿದ್ರು. ಒಬ್ಬ ಕ್ರೂಸರ್ ಡ್ರೈವರ್ ನೀಡ್ದ. ಪ್ಲಸ್ಸಿಗಿ ಪ್ಲಸ್ಸು, ಮೈನಸ್ಸಿಗಿ ಮೈನಸ್ಸು, ಎಲ್ಲಾ ಕ್ಲಿಪ್ಪೂ ಬ್ಯಾಟ್ರಿ ತಲಿಗೇ ಕಚ್ಚಿಸಿದ್ರು. ಟಿಕ್. ಖರೇ ಅಂದ್ರ ಕಡೀ ಕ್ಲಿಪ್ಪು ಬ್ಯಾಟ್ರಿಗಿ ಹಾಕಬಾರದು, ದೂರ ಎಂಜಿನ್ನಿನ ಕಬ್ಬಿಣಕ್ಕ ಹಾಕಬೇಕು. ಬ್ಯಾಟ್ರಿ ಮ್ಯಾಲ ಹೈಡ್ರೋಜನ್ ಎದ್ದಿರ್ತದ, ಅಲ್ಲಿ ಕಿಡಿ ಹಾರಿದ್ರ ಸಿಡೀತದ, ಅದಕ್ಕ ಆ ನಿಯಮ. ಜೀವದ ಹೆದರಿಕಿಗಾದ್ರೂ ಅದನ್ನ ಪಾಲಿಸಿದ್ರ ಆ ಕೇಬಲ್ಲೇ ನನಗ ಅರ್ಥಿಂಗ್ ಪಟ್ಟಿ ಆಗಿ ನಾ ಅಲ್ಲೇ ಗುರ್ ಅಂತಿದ್ದೆ. ರೋಗ ತಾನಾಗೇ ಮಾರಿ ತೋರಸಲಾಕ ಬಂದಿತ್ತು. ಕಡೀಗಿ ಹತ್ತು ಮಂದಿ ಭಕ್ತರು ದತ್ತನ ಹೆಸರು ಹೇಳಿ ದಬ್ಬಿದ್ರು. ಎರಡನೇ ಗೇರಿನಾಗ ಕ್ಲಚ್ ಬಿಟ್ರು, ಹತ್ತಿದೆ.

ನಾನು: ಕರೆಂಟಿಗಿ ದಾರೀನೇ ಇಲ್ಲಂದ್ರಿ, ಮತ್ತ ದಬ್ಬಿದ್ರ ಹೆಂಗ ಹತ್ತಿದ್ರಿ?

ವ್ಯಾನ್: ಛಲೋ ಕೇಳ್ದಿ. ದೊಡ್ಡ ರಸ್ತಾ ಬಂದಾದ್ರ ಮಂದಿ ಹೊಲದ ಬದುವಿನ ಮ್ಯಾಲ ಹಾದು ಹೋಗಂಗಿಲ್ಲೇನು? ಬಾಡಿಯಿಂದ ಎಂಜಿನ್ನಿಗಿ ಚೋಕಿನ ತಂತಿ ಹೋಗ್ಯಾದ, ಎಕ್ಸಲೇಟರ್ ತಂತಿ ಹೋಗ್ಯಾದ. ಕರೆಂಟ್ ಅದನ್ನೇ ಹಿಡೀತು. ಪ್ಲಗ್ಗಿನ ಕಿಡಿಗಿ ನಾಲ್ಕೈದು ಆಂಪಿಯರ್ ಸಾಕು, ಅಷ್ಟು ಆ ತಂತಿ ಹೊರತದ. ಸೆಲ್ಫಿನ ಟಿಕ್ಕಿಗೂ ಅಷ್ಟಿಷ್ಟು ಸಾಕು. ಸೆಲ್ಫ್ ತಿರುಗಲಾಕ ಮಾತ್ರ ನೂರರ ಆಸುಪಾಸು ಬೇಕು. ಅಷ್ಟನ್ನ ಚೋಕಿನ ತಂತಿ ಮ್ಯಾಲ ಹೇರಿದ್ರ ಅದು ಒಲೀ ಆಗತದ. ಮಾಲಕರು ಸಿಟ್ಟಿಗೆದ್ದು ಮ್ಯಾಲಿಂದ ಮ್ಯಾಲ ಸೆಲ್ಫ್ ಹೊಡದಾಗ ತಂತಿ ಕಾದು ಮ್ಯಾಲಿನ ಪ್ಲಾಸ್ಟಿಕ್ ಸುಟ್ಟು ಹೊಗಿ ಬಂತು. ಹಿಂದ ಕೂತ ಮುದುಕಿ ಯಾರೋ ಧೂಪ ಹಾಕ್ಯಾರ ಅಂತ ಕಣ್ಣು ಮುಚ್ಚಿ ಕೈ ಮುಗದಳು. ಚೋಕಿನ ತಂತಿ ಯಾಕ ಕಾಯಬೇಕು ಅಂತ ಒಬ್ಬರೂ ಕೇಳಲಿಲ್ಲ.

ನಾನು: ಅಫಜಲಪುರದಾಗ ತೋರಿಸಿದ್ರಂತಲ್ಲ?

ವ್ಯಾನ್: ಅಲ್ಲಿನ ಮಿಸ್ತ್ರಿ ಚಾವಿನೂ ತಿರುವಲಿಲ್ಲ, ‘ಬ್ಯಾಟ್ರಿ ಹೋಗ್ಯಾದ್ರಿ’ ಅಂದ. ನಮ್ಮ ಸೀಮ್ಯಾಗ ಬ್ಯಾಸಗಿ 42 ಡಿಗ್ರಿ ದಾಟತದ, ಬ್ಯಾಟ್ರಿ ನೀರು ಆರಿ ಸಾಯೋದು ಖರೇನೇ, ಅದಕ್ಕ ಆ ಮಾತಿಗಿ ಯಾರೂ ಎದುರಾಡಂಗಿಲ್ಲ. ಮೀಟರ್ ಹಚ್ಚಿದ್ರ 12.6 ತೋರಸ್ತಿತ್ತು, ತುಂಬಿದ ಬ್ಯಾಟ್ರಿ ಅಂದ್ರ ಅಷ್ಟೇ. ಹಚ್ಚಲಿಲ್ಲ. ಹೊಸಾ ಬ್ಯಾಟ್ರಿ ಬಂತು. ಟಿಕ್.

ನಾನು: ಆಮ್ಯಾಲ?

ವ್ಯಾನ್: ಆಳಂದದಾಗ ಸೆಲ್ಫ್ ಬಿಚ್ಚಿದ್ರು. ಕಾರ್ಬನ್ ಹೊಸಾದು, ಬುಶ್ ಹೊಸಾದು. ಕಟ್ಟಿ ಮ್ಯಾಲಿಟ್ಟು ಬ್ಯಾಟ್ರಿಯಿಂದ ಸೀದಾ ವೈರ್ ಕೊಟ್ರು, ಭುರ್ ಅಂತ ತಿರುಗಿತು. ಚಪ್ಪಾಳಿ. ನನ್ನೊಳಗ ಕೂಡಿಸಿದ್ರ ಟಿಕ್. ಹೊರಗ ತಿರುಗತದ, ಒಳಗ ತಿರುಗವಲ್ದು. ಅಂದ್ರ ಹೊರಗ ಇದ್ದದ್ದು ಒಳಗ ಏನಿಲ್ಲ? ಈ ಒಂದು ಪ್ರಶ್ನೆ ಕೇಳಿದ್ರ ಸಾಕಿತ್ತು. ಮಿಸ್ತ್ರಿ ತಲಿ ಕೆರಕೊಂಡು ‘ಚಾವಿ ಸ್ವಿಚ್ ಇರಬೇಕ್ರಿ’ ಅಂದ. ಅದೂ ಬದಲಾತು. ಟೆಸ್ಟ್ ಲ್ಯಾಂಪ್ ಹಚ್ಚಿದ್ರು, ಎಲ್ಲಾ ಕಡೆ ಹತ್ತಿತು. ಹತ್ತಲಾರದ ಏನು ಮಾಡತದ? ಸಣ್ಣ ಬಲ್ಬಿಗಿ ಒಂದು ಎಳಿ ಉಳದಿದ್ರೂ ಸಾಕು. ದೀಪ ಹತ್ತಿತಂದ್ರ ಎಲ್ಲಾ ಬರೋಬ್ಬರಿ ಅದ ಅಂತ ಬರದು ಕೈ ತೊಳಕೊಳ್ಳೋದು ಬರೀ ಗ್ಯಾರೇಜಿನ ಚಾಳಿ ಅಲ್ಲ ಬಿಡು. 2012ರಾಗ ಸಂವಿಧಾನಕ್ಕ 98ನೇ ತಿದ್ದುಪಡಿ ಮಾಡಿ ನಮ್ಮ ಸೀಮಿಗಿ 371(ಜೆ) ವಿಶೇಷ ಸ್ಥಾನಮಾನ ಕೊಟ್ರು. ಪ್ಲಸ್ ವೈರ್ ದಪ್ಪಂದೇ ಹಾಕ್ಯಾರ, ಇಲ್ಲನ್ನಂಗಿಲ್ಲ. ಉದ್ಘಾಟನಾದಾಗ ದೀಪಾನೂ ಹತ್ತತದ. ಭಾರ ಹಾಕಿ ಸೆಲ್ಫ್ ಹೊಡದು ನೋಡ್ರಿ ಅಂದ್ರ ಅಧಿಕಾರಿಗಳು ಊಟಕ್ಕ ಎದ್ದಿರ್ತಾರ.

ನಾನು: ಕಾಕಾ, ರಾಜಕೀಯ ಬ್ಯಾಡ.

ವ್ಯಾನ್: ನಾ ವೈರಿಂಗ್ ಹೇಳಲಾಕತ್ತೀನಿ.

ನಾನು: ಬಂಪರಿಗಿ ನಿಂಬಿಕಾಯಿ ಕಟ್ಯಾರಲ್ಲ?

ವ್ಯಾನ್: ದೃಷ್ಟಿ ಆಗ್ಯಾದ ಅಂತ ಕಟ್ಟಿದ್ರು. ಎಲ್ಲಾರಿಗಿಂತ ವಿಜ್ಞಾನದ ಹತ್ತರ ಬಂದಾಂವ ಆ ನಿಂಬಿಕಾಯಿ ಕಟ್ಟಿದಾಂವನೇ ನೋಡು. ನಿಂಬಿಕಾಯಿಗಿ ಒಂದು ತಾಮ್ರದ ತುಣುಕು, ಒಂದು ಸತುವಿನ ಮೊಳಿ ಚುಚ್ಚಿದ್ರ ಮುಕ್ಕಾಲು ವೋಲ್ಟಿನ ಮ್ಯಾಲೇ ಬರ್ತದ. ಹದಿನೈದು ಹಣ್ಣು ಸಾಲಾಗಿ ಜೋಡಿಸಿದ್ರ ಲೆಕ್ಕಕ್ಕ 12 ಆತು. ಆದ್ರ ಅದರಾಗ ಸೆಲ್ಫ್ ತಿರುವೋ ಕಸುವಿಲ್ಲ, ಒಂದು ಸಣ್ಣ ಗಡಿಯಾರ ನಡದ್ರ ದೊಡ್ಡದು. ವೋಲ್ಟ್ ಬ್ಯಾರೆ, ಆಂಪಿಯರ್ ಬ್ಯಾರೆ.

ನಾನು: ಕಡೀಗಿ ರೋಗ ಹಿಡದವರು ಯಾರು?

ವ್ಯಾನ್: ಜೇವರ್ಗ್ಯಾಗ ಒಬ್ಬ ಹುಡುಗ. ಗಾಡಿ ಮಿಸ್ತ್ರಿ ಅಲ್ಲ, ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡಾಂವ. ಮಾಲಕರು ಹೊಲದ ಮೋಟಾರ್ ತರಲಾಕ ಹೋಗಿದ್ರು, ನಾ ಅಂಗಡಿ ಮುಂದ ಟಿಕ್ ಅಂದೆ. ಅಂವ ಎದ್ದು ಬಂದು, ‘ಯಜಮಾನ್ರ, ಇನ್ನೊಮ್ಮೆ ಹೊಡೀರಿ’ ಅಂದ. ಲೈಟು ಹಚ್ಚಿಸಿ ಮತ್ತೊಮ್ಮೆ ಹೊಡಿಸಿದ. ಕಣ್ಣು ನನ್ನ ಲೈಟಿನ ಮ್ಯಾಲ, ಕಿವಿ ಸೀಟಿನ ಕೆಳಗ. ಸೀಟು ಎತ್ತಿದ. ಮೀಟರಿನ ಒಂದು ಕಡ್ಡಿ ಬ್ಯಾಟ್ರಿ ಮೈನಸ್ಸಿಗಿ, ಇನ್ನೊಂದು ಎಂಜಿನ್ನಿನ ಕಬ್ಬಿಣಕ್ಕ. ಸುಮ್ಮ ಇದ್ದಾಗ ಸೊನ್ನಿ. ‘ಈಗ ಹೊಡೀರಿ.’ ಏಳು ದಾಟಿತು! ಅಲ್ಲಿ ಅರ್ಧ ವೋಲ್ಟೂ ಇರಬಾರದು ತಮ್ಮಾ. ಎರಡೂ ಒಂದೇ ಮೈನಸ್ಸು, ನಡುವ ತಂಟೆ ಇಲ್ಲಂದ್ರ ಸೊನ್ನಿಯ ಆಸುಪಾಸೇ ಇರಬೇಕು. ಸೆಲ್ಫಿಗಿ ಹೋಗಬೇಕಾದ ವೋಲ್ಟು ಆ ಹಸರು ಪಟ್ಟಿಯಾಗ ಕೂತು ಉಣ್ಣತಿತ್ತು. ಅಂವ ಮೀಟರ್ ಕೆಳಗಿಟ್ಟು ಒಂದು ದಪ್ಪ ವೈರ್ ತಂದು ಮೈನಸ್ಸಿನಿಂದ ಎಂಜಿನ್ನಿಗಿ ಒತ್ತಿ ಹಿಡದ. ಸೆಲ್ಫ್. ಹತ್ತಿದೆ! ನಾಲ್ಕು ತಿಂಗಳ ಮ್ಯಾಲ, ಯಾರೂ ದಬ್ಬಲಾರದ, ನನ್ನ ದನಿ ನಾನೇ ಕೇಳಿದೆ.

ನಾನು: ಅದು ಹೆಂಗ ಹೊಳೀತು ಅವನಿಗಿ?

ವ್ಯಾನ್: ಮಾಲಕರೂ ಅದೇ ಕೇಳಿದ್ರು. ‘ಕರೆಂಟ್ ಹೋದದ್ದು ಎಲ್ಲಾರೂ ನೋಡ್ತಾರ್ರಿ, ಹೊಳ್ಳಿ ಬಂತೋ ಇಲ್ಲೋ ಯಾರೂ ನೋಡಂಗಿಲ್ಲ’ ಅಂದ. ಮಾಲಕರು ‘ಅರ್ಥ ಆಗಲಿಲ್ಲ’ ಅಂದ್ರು. ‘ಅದೇ ಆಗಿಲ್ರಿ, ಅರ್ಥ್ ಆಗಿಲ್ಲ’ ಅಂತ ಹೇಳಿ ಗಾಡಿ ಕೆಳಗ ತೂರಿದ. ಯರಿ ಮಣ್ಣು ಕೆರದ, ಬಣ್ಣ ಕೆರದ, ಕಬ್ಬಿಣ ಬೆಳ್ಳಗ ಹೊಳಿಯೋತನ ಪಾಲೀಶ್ ಪೇಪರ್ ಹಚ್ಚಿ ತಿಕ್ಕಿದ. ಹೊಸಾ ಪಟ್ಟಿ ಬಿಗದು ಮ್ಯಾಲ ಬೆರಳಿಲೆ ವ್ಯಾಸಲೀನ್ ಸವರಿದ. ಸುಟ್ಟ ಚೋಕಿನ ತಂತಿ ಹಿಡದು ಮೂಸಿ ನೋಡಿ ನಕ್ಕ. ಅರ್ಧ ತಾಸಿನ ಕೆಲಸ.

ಅಷ್ಟರಲ್ಲಿ ಮಾಲಕರು ಬಂದರು. ವ್ಯಾನ್ ಬಾಯಿ ಮುಚ್ಚಿತು. ನಾನು ಪತ್ರಿಕೆಯವನೆಂದು ಗೊತ್ತಾಗಿ ಅವರಿಗೆ ಹುರುಪು ಬಂತು. ಚಾವಿ ತಿರುವಿದರು, ಒಂದೇ ಸೆಲ್ಫಿಗೆ ಹತ್ತಿತು. “ನೋಡ್ರಿ, ಹೊಸಾ ಬ್ಯಾಟ್ರಿ ಹಾಕಿಸಿದ್ದಕ್ಕ ಹೆಂಗ ಎತ್ತತದ!” ಅಂದರು. ಆಮೇಲೆ ಸೀಟಿನ ಹಿಂದಿನಿಂದ ಕೆಂಪು ರಟ್ಟಿನ ವಹಿ ತೆಗೆದು ತೋರಿಸಿದರು. ಅಕ್ಷರ ಮುತ್ತಿನಂತಿವೆ. ಪಾಸಿಂಗ್ ಫೀ 5000, ರಸೀದಿ ಇದೆ. ಬಣ್ಣ, ರಸೀದಿ ಇದೆ. ಬ್ಯಾಟರಿ, ಸೆಲ್ಫ್ ದುರಸ್ತಿ, ಚಾವಿ ಸ್ವಿಚ್, ಒಂದೊಂದಕ್ಕೂ ಒಂದೊಂದು ಸಾಲು, ಒಂದೊಂದು ಗುಂಡುಸೂಜಿ. ನಿಂಬಿಕಾಯಿ, ಮೆಣಸಿನಕಾಯಿ 10 ರೂಪಾಯಿ. ಅದಕ್ಕೂ ಬೇರೆ ಸಾಲು. ಜೇವರ್ಗಿಯ ಹುಡುಗನನ್ನು ಹುಡುಕಿದೆ. ಪುಟದ ತಳದಲ್ಲಿ, ಮೊತ್ತಕ್ಕಿಂತ ಒಂದು ಗೆರೆ ಮೇಲೆ ಸಿಕ್ಕ: ‘ಇತರೆ 150.’