ಆಂಪ್ಲಿಫೈಯರ್ ಮೀಮಾಂಸೆ: ಘೋಣಸಗಿ ಸಿದ್ಧಾಂತ

ತಿಕೋಟಾ ತಾಲ್ಲೂಕಿನ ಘೋಣಸಗಿಯಲ್ಲಿ ರಾಕ್ ಬ್ಯಾಂಡಿನ ಗಿಟಾರಿಗೆ ಯಾವ ಆಂಪ್ಲಿಫೈಯರ್ ತಕ್ಕದ್ದು ಎಂಬ ಪ್ರಶ್ನೆಯನ್ನು ವಿದ್ವತ್‌ಲೋಕ ಈವರೆಗೆ ಕೈಗೆತ್ತಿಕೊಂಡಿಲ್ಲ. ಕೈಗೆತ್ತಿಕೊಳ್ಳಲು ಅದಕ್ಕೆ ಕಾರಣವೂ ಇರಲಿಲ್ಲ. ನನ್ನ ಅಣ್ಣನ ಮಗ ವಿಜಯಪುರದ ಕಾಲೇಜಿನಿಂದ ಎರಡು ಸಬ್ಜೆಕ್ಟ್ ಬಾಕಿ, ಒಂದು ಎಲೆಕ್ಟ್ರಿಕ್ ಗಿಟಾರ್ ಹೊತ್ತು ಊರಿಗೆ ಬಂದ ದಿನ ಪ್ರಶ್ನೆ ತಾನಾಗಿಯೇ ಹುಟ್ಟಿತು. "ಕಾಕಾ, ನೂರು ವ್ಯಾಟಿಂದು ಬೇಕು" ಎಂದ. ರೊಕ್ಕ ಕೊಡುವವನು ಕಾಕಾ ಆದ್ದರಿಂದ ಸಂಶೋಧನೆಯೂ ಕಾಕಾನ ಕೊರಳಿಗೇ ಬಿತ್ತು.

ಮೊದಲು ಪರಿಭಾಷೆ. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ 'ಧ್ವನ್ಯಾಲೋಕ' ಬರೆದ. ಆನಂದವರ್ಧನನೆಂದು ಹೆಸರಿಟ್ಟುಕೊಂಡು ಅವನು ಧ್ವನಿಯನ್ನು ಹುಡುಕಿದ. ನಾವು ಧ್ವನಿವರ್ಧಕ ಕೊಂಡು ಆನಂದಕ್ಕಾಗಿ ಕಾಯುತ್ತ ಕೂತಿದ್ದೇವೆ. ಅವನ ಮತದಲ್ಲಿ ವಾಚ್ಯಾರ್ಥಕ್ಕಿಂತ ವ್ಯಂಗ್ಯಾರ್ಥ ಮೇಲು. ಆಂಪಿನಲ್ಲೂ ಹಾಗೆಯೇ. ಮೀಟಿದ್ದು ಮೀಟಿದಂತೆ ಕೇಳಿಸಿದರೆ ಅದು ವಾಚ್ಯ, ಪಾಶ್ಚಾತ್ಯರ 'ಕ್ಲೀನ್'. ಮೀಟಿದ್ದೊಂದು, ಕೇಳಿಸಿದ್ದೊಂದು ಆದರೆ ವ್ಯಂಗ್ಯ, ಅವರ 'ಡಿಸ್ಟಾರ್ಷನ್'. ರಾಕ್‌ನವರೆಲ್ಲ ಕಟ್ಟಾ ಧ್ವನಿವಾದಿಗಳು.

ವ್ಯಂಗ್ಯ ಹುಟ್ಟುವ ಕ್ರಮ ಹೀಗೆ: ಆಂಪಿನೊಳಗಿನ ವಾಲ್ವಿಗೆ ತಾಳಲಾರದಷ್ಟು ಸಿಗ್ನಲ್ ಕೊಟ್ಟರೆ ಅಲೆಯ ನೆತ್ತಿ ಮೊಟಕಾಗುತ್ತದೆ, ಮೂಲದಲ್ಲಿಲ್ಲದ ಉಪಸ್ವರಗಳು ಬಂದು ಸೇರುತ್ತವೆ. ಇದಕ್ಕೆ ನಮ್ಮೂರ ವಿಮರ್ಶಕರು 'ಮಷೀನ್ ಕೆಟ್ಟೈತಿ' ಎನ್ನುತ್ತಾರೆ. ಹಾಗಾದರೆ ತಂಬೂರಿಯ ಕುದುರೆಯ ಮೇಲೆ, ತಂತಿಯಡಿ ಒಂದು ನೂಲೆಳೆ ತೂರಿಸಿ ಝೇಂಕಾರ ಎಬ್ಬಿಸುವುದು ಮತ್ತೇನು? ಹಿಂದೂಸ್ತಾನಿಯವರು ಅದಕ್ಕೆ 'ಜವಾರಿ' ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಕೋಳಿಯೂ ಜವಾರಿ, ಬದನೆಕಾಯಿಯೂ ಜವಾರಿ. ಅಲ್ಲಿಗೆ ಡಿಸ್ಟಾರ್ಷನ್ ನಮ್ಮ ನೆಲದ ಬೆಳೆ ಎಂದು ಸಿದ್ಧವಾಯಿತು. ಎರಡು ಜವಾರಿಗಳೂ ಬೇರೆ ಬೇರೆ ಎಂದು ತಕರಾರು ಮಾಡುವವರನ್ನು ಅಡಿಟಿಪ್ಪಣಿಗೆ ಅಟ್ಟುವುದು ರೂಢಿ. ಈ ಪ್ರಬಂಧಕ್ಕೆ ಅಡಿಟಿಪ್ಪಣಿಯೇ ಇಲ್ಲ. ತನ್ನ ತಂಬೂರಿಗೆ 'ಮೋತಿಖಾನ್' ಎಂದು ಹೆಸರಿಟ್ಟು ವಿಜಯಪುರ ಆಳಿದ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹ ಇದ್ದಿದ್ದರೆ ನನ್ನ ಪರವೇ ತೀರ್ಪು ಕೊಡುತ್ತಿದ್ದ.

ಈಗ ನೂರು ವ್ಯಾಟಿನ ಪೂರ್ವಪಕ್ಷ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಮಾರುತ್ತಿದ್ದ ಜಿಮ್ ಮಾರ್ಷಲ್ 1962ರಲ್ಲಿ ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪನ್ನು ಮುಂದಿಟ್ಟುಕೊಂಡು ತನ್ನದೊಂದನ್ನು ಕಟ್ಟಿಸಿದ. ಆಮೇಲೆ 'ದ ಹೂ' ಬ್ಯಾಂಡಿನ ಪೀಟ್ ಟೌನ್‌ಶೆಂಡ್ ಇನ್ನೂ ಜೋರು ಬೇಕೆಂದು ದುಂಬಾಲು ಬಿದ್ದದ್ದರಿಂದ ನೂರು ವ್ಯಾಟಿನದು ಹುಟ್ಟಿತು. ಅಂದಿನಿಂದ ಜಗತ್ತಿನ ಎಲ್ಲ ಅಣ್ಣಂದಿರ ಮಕ್ಕಳಿಗೂ ನೂರೇ ಬೇಕು.

ಖಂಡನೆ: ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಬೇಕಾದರೆ ವ್ಯಾಟ್ ಹತ್ತುಪಟ್ಟಾಗಬೇಕು. ಅಂದರೆ ನೂರು ವ್ಯಾಟಿನದು ಹತ್ತು ವ್ಯಾಟಿನದಕ್ಕಿಂತ ಸುಮಾರು ಎರಡರಷ್ಟು ಜೋರು, ಅಷ್ಟೇ. ಬೆಲೆ ಮಾತ್ರ ಈ ಸೂತ್ರಕ್ಕೆ ಬಗ್ಗುವುದಿಲ್ಲ. ಮೇಲಾಗಿ ವಾಲ್ವಿನ ಜವಾರಿ ಹೊರಡಬೇಕಾದರೆ ಗುಂಡಿಯನ್ನು ತುದಿಯ ಹತ್ತಿರಕ್ಕೆ ತಿರುಗಿಸಬೇಕು. ಅಷ್ಟು ಸದ್ದಿನ ಪರಿಣಾಮಕ್ಕೆ ವಿಜಯಪುರದಲ್ಲೇ ಪ್ರಮಾಣವಿದೆ. 1549ರಲ್ಲಿ ಎರಕವಾದ, ಸುಮಾರು 55 ಟನ್ ತೂಗುವ ಮಲಿಕ್-ಎ-ಮೈದಾನ್ ತೋಪಿಗೆ ಬತ್ತಿ ಇಟ್ಟವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದನಂತೆ. ಗಿಟಾರಿನವನಿಗೆ ಆ ಹಾದಿಯೂ ಇಲ್ಲ, ಕೈಯಲ್ಲಿ ಕರೆಂಟಿನ ವಸ್ತು ಇರುತ್ತದೆ.

ಇಷ್ಟಾದರೂ ಹುಡುಗ ಒಪ್ಪಲಿಲ್ಲವಾಗಿ ಪ್ರಯೋಗ ಅನಿವಾರ್ಯವಾಯಿತು. ನೂರು ವ್ಯಾಟಿನದೊಂದನ್ನು ಶಹರದಿಂದ ಎರವಲು ತಂದೆವು. ಸ್ಥಳ, ಹಂಗಾಮು ಮುಗಿದು ಖಾಲಿ ನಿಂತಿದ್ದ ನಮ್ಮ ಒಣದ್ರಾಕ್ಷಿ ಶೆಡ್ಡು: ಒಂದರ ಮೇಲೊಂದು ಬಲೆಯ ಅಟ್ಟ, ಸುತ್ತಲೂ ಹಸಿರು ನೆಟ್ಟು, ಗೋಡೆ ಎಂಬುದಿಲ್ಲ. ಗೋಳಗುಮ್ಮಟದಲ್ಲಿ ಒಂದು ಕೂಗು ಏಳು ಸಲ ತಿರುಗಿ ಬರುತ್ತದೆ. ಇಲ್ಲಿ ಹೋದ ಸದ್ದು ಹೋಯಿತು. ತಿರುಗಿ ಬರುವವರು ಪಕ್ಕದ ಹೊಲದವರು. ಗುಂಡಿ ಆರಕ್ಕೆ ಬಂದಾಗ ಬಲೆಗೆ ಅಂಟಿಕೊಂಡಿದ್ದ ನಾಲ್ಕಾರು ಒಣದ್ರಾಕ್ಷಿ ಟಪಟಪನೆ ಉದುರಿದವು. ಏಳಕ್ಕೆ ಬಂದಾಗ ಪಕ್ಕದ ಹೊಲದ ಆಯಿ ಖಾಲಿ ಚರಿಗೆ ಹಿಡಿದುಕೊಂಡೇ ಬಂದಳು.

"ಎಪ್ಪಾ, ಅದನ್ನ ಬಂದ್ ಮಾಡ್ರಿ. ಎಮ್ಮಿ ಹಿಂಡಗೊಡವಲ್ದು."

2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದಿದೆ. ಎಮ್ಮೆಗೆ ಎಷ್ಟೆಂದು ಬರೆದಿಲ್ಲ. ನಿಯಮ ಮಾಡಿದವರು ಹಾಲನ್ನು ಪಾಕೀಟಿನಲ್ಲಿ ಕೊಳ್ಳುವವರಿರಬೇಕು.

ಅಷ್ಟರಲ್ಲಿ ಥ್ರೀ ಫೇಜ್ ಬಂದು ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಲೇ ಗುರ್ ಎಂದವು. ಶೆಡ್ಡಿನ ಬಲ್ಬು ಕೆಂಪಗಾಯಿತು, ಆಂಪಿನ ದನಿ ಕುಗ್ಗಿ, ಮೆತ್ತಗಾಗಿ, ಹುರಿದ ಶೇಂಗಾದ ಬಣ್ಣಕ್ಕೆ ತಿರುಗಿತು. ನಾನು ಆಂಪ್ ಸುಟ್ಟಿತೆಂದುಕೊಂಡೆ. ಹುಡುಗ ಕುಣಿದಾಡಿದ. "ಕಾಕಾ, ಬ್ರೌನ್ ಸೌಂಡ್!" ವಿಚಾರಿಸಲಾಗಿ ತಿಳಿದದ್ದು: 1978ರಲ್ಲಿ ಮೊದಲ ಆಲ್ಬಂ ತಂದ ಎಡ್ಡಿ ವ್ಯಾನ್ ಹೇಲನ್ ಎಂಬ ಮಹಾಶಯ ತನ್ನ ಮಾರ್ಷಲ್ ಆಂಪಿಗೆ ವೇರಿಯಾಕ್ ಜೋಡಿಸಿ, ಬರುವ ವೋಲ್ಟೇಜನ್ನು ಬೇಕೆಂದೇ ಸುಮಾರು 90ಕ್ಕೆ ಇಳಿಸುತ್ತಿದ್ದ, ಆ ದನಿಗೇ ಈ ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಯಂತ್ರ ಇಟ್ಟು ಸಾಧಿಸಿದ್ದನ್ನು ಘೋಣಸಗಿಯ ರೈತರು ಕಬ್ಬಿಗೆ ನೀರು ಬಿಡುತ್ತ ಪುಕ್ಕಟೆ ಕೊಡುತ್ತಿದ್ದಾರೆ. ವಾಲ್ವಿನ ಆಯುಷ್ಯಕ್ಕೆ ಇದು ಒಳ್ಳೆಯದಲ್ಲ ಎಂಬುದನ್ನು ಹುಡುಗನಿಗೆ ಹೇಳಿದೆ, ಅವನು ಕೇಳಿಸಿಕೊಂಡಂತಿಲ್ಲ.

ಇನ್ನೊಂದು ಉಪಪತ್ತಿ. 1964ರಲ್ಲಿ 'ಕಿಂಕ್ಸ್' ಬ್ಯಾಂಡಿನ ಡೇವ್ ಡೇವಿಸ್ ಒಂದು ಪುಟ್ಟ ಆಂಪಿನ ಸ್ಪೀಕರ್ ಕೋನನ್ನು ಬ್ಲೇಡಿನಿಂದ ಸೀಳಿ ಜಗತ್ತೇ ತಿರುಗಿ ನೋಡುವಂಥ ಒರಟು ದನಿ ತೆಗೆದ. ನಮ್ಮಲ್ಲಿ ಆ ಕೆಲಸ ಇಲಿಗಳು ಮಾಡುತ್ತವೆ. ಗಮನಿಸಬೇಕಾದದ್ದು ಸೀಳಿದ್ದನ್ನಲ್ಲ, ಆಂಪ್ ಪುಟ್ಟದಾಗಿದ್ದುದನ್ನು.

"ಹಂಗಾದ್ರ ಮೈಕ್ ಸೆಟ್ಟಿಗೇ ಗಿಟಾರ್ ಚುಚ್ಚಿದ್ರ ಆತಲ್ಲ?" ಎಂಬ ಆಕ್ಷೇಪವನ್ನು ಅಣ್ಣ ಎತ್ತಿದ. ಚುಚ್ಚಿ ನೋಡಿದೆವು. ಗಿಟಾರಿನ ಪಿಕಪ್ಪಿಗೂ ಮೈಕಿನ ತೂತಿಗೂ ಇಂಪೀಡೆನ್ಸ್ ಕೂಡುವುದಿಲ್ಲ, ಭೋಂಗಾಕ್ಕೆ ಮಂದ್ರವೇ ಇಲ್ಲ. ಡಬ್ಬಿಯೊಳಗೆ ಸಿಕ್ಕ ದುಂಬಿಯಂತೆ ಕೇಳಿಸಿತು.

ಸಮಸ್ಯೆ ಬಗೆಹರಿಸಿದವನು ಮೈಕ್ ಸೆಟ್ಟಿನವನೇ. ನಾವು ಕೊನೆಗೆ ತಂದ ಹದಿನೈದು ವ್ಯಾಟಿನ ಹಳೆಯ ವಾಲ್ವ್ ಆಂಪನ್ನು ಜಾತ್ರೆಯ ಸ್ಟೇಜಿನ ಮೇಲೆ ನೋಡಿ ಅವನು ನಗಲಿಲ್ಲ. "ಇದರ ಮುಂದ ಒಂದು ಮೈಕ್ ಇಡ್ತೀನ್ರಿ. ಡೊಳ್ಳಿಗೂ ಹಂಗ ಇಡೂದು" ಎಂದು ಸ್ಟ್ಯಾಂಡಿನ ಕತ್ತು ಬಗ್ಗಿಸಿ, ಜಾಲರಿಯಿಂದ ನಾಲ್ಕು ಬೆರಳು ದೂರ ಬಿಟ್ಟು ನಿಲ್ಲಿಸಿದ. ಲಂಡನ್ನಿನ ದೊಡ್ಡ ಸ್ಟೇಜುಗಳಲ್ಲೂ ಆಂಪಿನ ಮುಂದೆ ಮೈಕ್ ಇಟ್ಟೇ ಜನರಿಗೆ ಕೇಳಿಸುವುದು. ಊರಿಗೆ ಕೇಳಿಸುವ ಹೊಣೆ ಮೈಕ್ ಸೆಟ್ಟಿನದು. ಆಂಪಿನ ಪಾಲಿಗೆ ದನಿ ಮಾತ್ರ.

ಆದ್ದರಿಂದ ನಿರ್ಣಯ: ಹದಿನೈದು ವ್ಯಾಟ್, ವಾಲ್ವಿನದು, ಹನ್ನೆರಡು ಇಂಚಿನ ಒಂದೇ ಸ್ಪೀಕರ್. ಹಳೆಯದಾದರೂ ನಡೆದೀತು. ಕೋನು ಹರಿದಿದ್ದರೆ ಡೇವಿಸನ ಹೆಸರು ಬಾಯಿ ಬಿಡಬೇಡಿ, ಬೆಲೆ ಇಳಿಸಿ ಕೇಳಿ.